ಎಲ್ಲದಕ್ಕೂ ‘ಬೇಡ’ ಅನ್ನುತ್ತಿದ್ದ ಅಮ್ಮ: ಲಕ್ವದ ನಂತರದ ಒಂದು ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಸಂಬಂಧಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಮಂಡ್ಯ ಕಡೆಯ ರೈತ ಕುಟುಂಬ. ಅಮ್ಮನಿಗೆ ಅರವತ್ತರ ಆಸುಪಾಸು. ಬಿಪಿ ಇತ್ತು, ಆದರೆ ಮಾತ್ರೆ ನುಂಗುತ್ತಿದ್ದದ್ದು ತಲೆನೋವು ಬಂದ ದಿನ ಮಾತ್ರ. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಬಂದು ಎರಡು ತಿಂಗಳಾದ ಮೇಲೆ ಸೊಸೆ ನನ್ನ ಹತ್ತಿರ ಬಂದರು.

“ಏನ್ ಕೇಳಿದ್ರೂ ಬೇಡ ಅಂತಾರೆ ಮೇಡಂ. ಊಟ ಬೇಡ, ಫಿಜಿಯೋ ಬೇಡ, ಮಗ ಬಂದ್ರೂ ಬೇಡ. ಬದುಕೋ ಆಸೆನೇ ಬಿಟ್ಬಿಟ್ಟಿದಾರೆ ಅನ್ಸುತ್ತೆ.”

ಅಮ್ಮನನ್ನೇ ಕರೆದುಕೊಂಡು ಬನ್ನಿ ಅಂದೆ. ಬಂದರು. ನುಂಗಲು ತೊಂದರೆ ಇಲ್ಲವೆಂದು ಡಾಕ್ಟರು ಹೇಳಿದ್ದನ್ನು ಖಾತ್ರಿ ಮಾಡಿಕೊಂಡು, ಎದುರಿಗೆ ಕಾಫಿ ಇಟ್ಟು, “ಕುಡೀತೀರಾ ಅಮ್ಮ?” ಎಂದು ಕೇಳಿದೆ. “ಬೇಡ” ಅಂದರು. ಅನ್ನುತ್ತಲೇ ಎಡಗೈ ಲೋಟಕ್ಕೆ ಹೋಯಿತು. ಸೊಸೆ ದಂಗಾಗಿ ನನ್ನ ಮುಖ ನೋಡಿದರು.

ಹೆಚ್ಚಿನವರಲ್ಲಿ ಮಾತಿನ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಮೈಯ ಬಲಭಾಗವನ್ನು ಆಡಿಸುವುದೂ ಅದೇ ಭಾಗ. ಹಾಗಾಗಿ ಲಕ್ವದಿಂದ ಆ ಭಾಗಕ್ಕೆ ಪೆಟ್ಟು ಬಿದ್ದು ಬಲಗಡೆ ಸ್ವಾಧೀನ ತಪ್ಪಿದವರಿಗೆ ಎಷ್ಟೋ ಸಲ ಮಾತೂ ಹೋಗುತ್ತದೆ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಕೆಲವರಿಗೆ ಒಂದೋ ಎರಡೋ ಪದ ಮಾತ್ರ ಉಳಿದು, ಏನು ಹೇಳಹೊರಟರೂ ಅದೇ ಪದ ಆಚೆ ಬರುತ್ತದೆ. ಈ ಅಮ್ಮನಿಗೆ ಉಳಿದದ್ದು ‘ಬೇಡ’. ಮನೆಯವರು ಅದನ್ನು ಉತ್ತರ ಅಂದುಕೊಂಡು ತಟ್ಟೆ ತೆಗೆದಿದ್ದಾರೆ, ಫಿಜಿಯೋ ಹುಡುಗನನ್ನು ವಾಪಸ್ ಕಳಿಸಿದ್ದಾರೆ. ಎರಡು ತಿಂಗಳು ಆ ಜೀವ ಎಷ್ಟು ಒದ್ದಾಡಿರಬೇಕು, ಯೋಚನೆ ಮಾಡಿ. ನಡಿಗೆ, ಕೈ, ಮಾತು ಎಲ್ಲವೂ ಹೆಚ್ಚು ವೇಗವಾಗಿ ಸುಧಾರಿಸುವುದು ಮೊದಲ 3ರಿಂದ 6 ತಿಂಗಳಲ್ಲಿ, ಅದರಲ್ಲೇ ಇಷ್ಟು ಸಮಯ ಹೋಗಿತ್ತು. ಆಮೇಲೂ ಸುಧಾರಣೆ ಇದ್ದೇ ಇದೆ, ನಿಧಾನ ಅಷ್ಟೇ. ಇದನ್ನು ಕೇಳಿ ಸೊಸೆ ಅಳಲು ಶುರು ಮಾಡಿದರು. ನಿಮಗೆ ಯಾರೂ ಹೇಳಿರಲಿಲ್ಲ, ನಿಮ್ಮ ತಪ್ಪಲ್ಲ ಅಂದೆ. ನಿಜವೂ ಅದೇ.

ಇನ್ನೊಂದು ಗಂಟು ಮಗಳದು. ಅವರು ಬೇರೆ ಊರಲ್ಲಿದ್ದಾರೆ. “ಸೋಬಾನೆ ಪದ ಪೂರ್ತಿ ಹೇಳ್ತಾಳೆ, ನನ್ ಹೆಸ್ರು ಕೇಳಿದ್ರೆ ಮಾತ್ರ ಬರಲ್ಲ. ಬೇಕಂತ್ಲೇ ಮಾಡ್ತಾಳೆ” ಅನ್ನುವುದು ಅವರ ಸಿಟ್ಟು. ಬೇಕಂತಲೇ ಅಲ್ಲ. ಬಾಯಿಪಾಠವಾದ ಹಾಡು, ಒಂದು ಎರಡು ಎಣಿಸುವುದು, ವಾರದ ಹೆಸರು, ಬೈಗುಳ ಕೂಡ, ತಾನಾಗಿ ಹರಿದು ಬರುತ್ತವೆ. ಹಾಡಿನ ರಾಗಕ್ಕೆ ಮೆದುಳಿನ ಬಲಭಾಗವೂ ಜೊತೆ ಕೊಡುತ್ತದೆ. ಬೇಕಾದ ಪದವನ್ನು ಬೇಕಾದಾಗ ಹುಡುಕಿ ತೆಗೆಯುವುದೇ ಬೇರೆ ಕೆಲಸ, ಪೆಟ್ಟು ಬಿದ್ದಿರುವುದು ಅದಕ್ಕೆ. ಹಾಡಲಿ ಬಿಡಿ, ನೀವೂ ಜೊತೆಗೆ ಹಾಡಿ ಅಂದೆ.

ಮತ್ತೆ ಈ ನೋಡೋಕೆ ಬರುವವರು! ಹಣ್ಣಿನ ಕವರು ಹಿಡಿದು ಬಂದು, ಮಂಚದ ಪಕ್ಕ ನಿಂತು, “ನಾನ್ ಯಾರು ಹೇಳು ನೋಡಣ?” ಅನ್ನುತ್ತಾರೆ. ಹೇಳಲಾಗದೆ ಅಮ್ಮನ ಕಣ್ಣು ತುಂಬುತ್ತದೆ, ಬಂದವರು “ಅಯ್ಯೋ, ಗುರುತೇ ಸಿಗ್ತಿಲ್ಲ” ಅಂತ ಅವರ ಎದುರೇ ಹೇಳುತ್ತಾರೆ. ಗುರುತು ಸಿಗುತ್ತೆ, ಹೆಸರು ಬಾಯಿಗೆ ಬರಲ್ಲ ಅಷ್ಟೇ. ಇದನ್ನು ಬಾಗಿಲಲ್ಲೇ ನಿಲ್ಲಿಸಿ ಎಂದು ಮಗನಿಗೆ ಖಡಾಖಂಡಿತವಾಗಿ ಹೇಳಿದೆ. ಬಂದವರು ತಮ್ಮ ಹೆಸರು ತಾವೇ ಹೇಳಲಿ, ಊರಿನ ಸುದ್ದಿ ಹೇಳಲಿ, ಕೈ ಹಿಡಿದು ಕೂರಲಿ.

ಮಾತಿನ ಬಗ್ಗೆ ಕೊಟ್ಟ ಸಲಹೆ: ಟಿವಿ ಆಫ್ ಮಾಡಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ವಿಷಯ. ವಸ್ತು ತೋರಿಸಿ ಕೇಳಿ, ಸೀರೆ ಇದಾ ಅದಾ ಅಂತ. ಕೈ ಯಾವ ಕಡೆ ಹೋಗುತ್ತೆ, ತಲೆ ಹೇಗೆ ಆಡುತ್ತೆ ನೋಡಿ, ಅನುಮಾನ ಬಂದರೆ ಪ್ರಶ್ನೆಯನ್ನು ತಿರುಗಿಸಿ ಇನ್ನೊಂದು ಸಲ ಕೇಳಿ. ಕಾಯಿರಿ. ನೀವೇ ವಾಕ್ಯ ಮುಗಿಸಬೇಡಿ. ಸ್ಪೀಚ್ ಥೆರಪಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. 1965ರಲ್ಲಿ ಶುರುವಾದ ಸಂಸ್ಥೆ ಅದು, ಎಷ್ಟೋ ಜನ ಅದು ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದಾರೆ.

ಆದರೆ ‘ಬೇಡ’ದ ಹಿಂದೆ ನಿಜವಾದ ಬೇಸರವೂ ಇತ್ತು. ನಿದ್ದೆ ಇರಲಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. “ಧೈರ್ಯ ತಗೋ” ಅಂದರೆ ಹೋಗುವಂಥದ್ದಲ್ಲ. ಮನೋವೈದ್ಯರು ನೋಡಿ ಮಾತ್ರೆ ಕೊಟ್ಟರು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎರಡನ್ನೂ ಡಾಕ್ಟರು ಹೇಳದೆ ಒಂದು ದಿನವೂ ಬಿಡಬೇಡಿ ಎಂದು ಮಗನಿಂದ ಮಾತು ತಗೊಂಡೆ. ಒಂದು ಸಲ ಲಕ್ವ ಹೊಡೆದವರಿಗೆ ಇನ್ನೊಂದು ಸಲ ಹೊಡೆಯುವ ಭಯ ಜಾಸ್ತಿ.

ಇಷ್ಟೆಲ್ಲದರ ಜೊತೆ, ನನಗೆ ಕಂಡ ಹಾಗೆ, ಅಮ್ಮನನ್ನು ಒಳಗೊಳಗೇ ಕುಗ್ಗಿಸಿದ್ದು ಮನೆಯವರ ಪ್ರೀತಿಯೇ. ತುತ್ತು ಬಾಯಿಗಿಡುವುದು, ತಲೆ ಬಾಚುವುದು, “ನೀನು ಸುಮ್ನೆ ಕೂತಿರಮ್ಮ” ಅನ್ನುವುದು. ನಲವತ್ತು ವರ್ಷ ಆ ಅಡುಗೆಮನೆಯನ್ನು ಆಳಿದ ಹೆಂಗಸು, ಅಲ್ವಾ? ಕೈಗೆ ಏನಾದರೂ ಕೆಲಸ ಕೊಡಿ ಅಂದೆ. ಒಲೆ, ಚಾಕು ಬೇಡ. ಆಗ ಅವರೆಕಾಯಿ ಕಾಲ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿ, ಬಲಗೈಯನ್ನು ಮೊರದ ಅಂಚಿನ ಮೇಲೆ ಇರಿಸಿ, ಎಡಗೈಯಲ್ಲಿ ಸುಲಿಯುವುದನ್ನು ತೋರಿಸಿಕೊಟ್ಟರು. ನಿಧಾನ ಆಗುತ್ತೆ, ಅರ್ಧ ಕೆಳಗೆ ಬೀಳುತ್ತೆ, ಬೀಳಲಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಸ್ಪರ್ಶ ಸರಿಯಾಗಿ ತಿಳಿಯದ ಕೈಗೆ ಬಿಸಿ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಪಾರಿವಾಳದ ರಕ್ತ ಹಚ್ಚಿ ಎಂದು ಪಕ್ಕದ ಮನೆಯವರು ಹೇಳಿದ್ದರಂತೆ. ಪೆಟ್ಟು ಬಿದ್ದಿರುವುದು ಮೆದುಳಿಗೆ, ಕೈಗೆ ಹಚ್ಚಿದ್ದು ಅಲ್ಲಿಗೆ ಹೋಗುವುದಿಲ್ಲ, ಆ ದುಡ್ಡನ್ನು ಫಿಜಿಯೋಗೆ ಕೊಡಿ ಅಂದೆ.

ಸೊಸೆಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿದೆ. ಬೆನ್ನುನೋವು, ರಾತ್ರಿ ಮೂರು ಸಲ ಏಳುವುದು, ತವರಿಗೆ ಹೋಗಿ ತಿಂಗಳುಗಳೇ ಆಗಿದ್ದವು. “ನಾನ್ ಹೋದ್ರೆ ಯಾರ್ ನೋಡ್ತಾರೆ?” ಇದಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ. ಗಂಡನನ್ನೂ ನಾದಿನಿಯನ್ನೂ ಕೂರಿಸಿ ಹಂಚಿಕೆ ಮಾಡಿದೆವು. ರಾತ್ರಿ ಪಾಳಿ ವಾರದಲ್ಲಿ ಮೂರು ದಿನ ಮಗನದು, ತಿಂಗಳಿಗೊಂದು ವಾರ ಪೂರ್ತಿ ಮಗಳದು. ಮಗಳು ಮೊದಲು ಮುಖ ಊದಿಸಿಕೊಂಡರು. ಒಂದು ವಾರ ತಾವೇ ನೋಡಿಕೊಂಡ ಮೇಲೆ ಅತ್ತಿಗೆಯ ಬಗ್ಗೆ ಕೊಂಕು ಮಾತು ನಿಂತಿತು. ಮನಸ್ಸು ತೀರಾ ಭಾರವಾದರೆ ಹೊತ್ತಲ್ಲದ ಹೊತ್ತಲ್ಲೂ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಸೊಸೆಗೆ ನಂಬರು ಬರೆದುಕೊಟ್ಟೆ.

ಈಗ ಅಮ್ಮ ವಾಕರ್ ಹಿಡಿದು ಹಜಾರದವರೆಗೆ ಬರುತ್ತಾರೆ. ‘ಬಾ’, ‘ಸಾಕು’, ಮೊಮ್ಮಗಳ ಹೆಸರು ಬರುತ್ತದೆ. ‘ಬೇಡ’ ಇನ್ನೂ ತಪ್ಪು ಜಾಗದಲ್ಲಿ ಬರುತ್ತದೆ, ಆದರೆ ಯಾರೂ ತಟ್ಟೆ ತೆಗೆಯುವುದಿಲ್ಲ. ಬಲಗೈ ಬೆರಳುಗಳು ಅಷ್ಟಾಗಿ ಆಡುತ್ತಿಲ್ಲ. ಮಾತಿನ ತೊಂದರೆ ಹೀಗೇ ಉಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದ ಹೆಸರೂ ಇದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು ಎಂದು ಮಗನಿಗೆ ತಿಳಿಸಿದ್ದೇನೆ. ಸೊಸೆ ಹೋದ ತಿಂಗಳು ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು.