ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಬಂತು: ದ್ರಾವಣದಿಂದಲೋ, ಹೊಲದಿಂದಲೋ?

ನಮಸ್ಕಾರ ಅಣ್ಣ. ನಮ್ಮ ಗುಂಪಿನಲ್ಲಿ ನೀವು ಕೇಳಿದ್ದು ಇಷ್ಟು: ಮೆಕ್ಕೆಜೋಳಕ್ಕೆ ಹೊಸ ಜೈವಿಕ ದ್ರಾವಣವನ್ನು ಕಾಲುವೆ ಕಡೆಯ ಒಂದು ಎಕರೆಗೆ ಎರಡು ಸಲ ಹೊಡೆದಿರಿ, ಮೇಲಿನ ಎಕರೆಗೆ ಹೊಡೆಯಲಿಲ್ಲ. ಹೊಡೆದಲ್ಲಿ 26 ಕ್ವಿಂಟಲ್, ಹೊಡೆಯದಲ್ಲಿ 24. ಮುಂದಿನ ಮುಂಗಾರಿಗೆ ಐದೂ ಎಕರೆಗೆ ಹೊಡೆಯಬಹುದೇ? ಈ ಎರಡು ಅಂಕಿ ಇಟ್ಟುಕೊಂಡು ಹೌದು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಮುಂದಿನ ಹಂಗಾಮಿಗೆ ಸರಿಯಾಗಿ ಅಳೆಯುವ ಬಗೆಯನ್ನೂ ಹೇಳುತ್ತೇನೆ.

ಮೊದಲು ತೇವಾಂಶ. ಹೊಡೆದ ಎಕರೆ ಮೊದಲು ಒಕ್ಕಿ ತೂಗಿದೆವು, ಇನ್ನೊಂದನ್ನು ಎಂಟು ದಿನ ಬಿಟ್ಟು ಅಂತ ನೀವೇ ಬರೆದಿದ್ದೀರಿ. ತೂಗಿದ ದಿನದ ತೇವಾಂಶ ಬರೆದಿಲ್ಲ. ಮೊದಲನೆಯದು 20 ಪರ್ಸೆಂಟ್, ಎರಡನೆಯದು 15 ಇತ್ತು ಅಂತ ಇಟ್ಟುಕೊಳ್ಳಿ. ಎರಡನ್ನೂ 14 ಪರ್ಸೆಂಟಿಗೆ ತರಬೇಕು: ತೂಕವನ್ನು 100ರಲ್ಲಿ ತೇವಾಂಶ ಕಳೆದ ಅಂಕಿಯಿಂದ ಗುಣಿಸಿ, 86ರಿಂದ ಭಾಗಿಸಿ. 26ನ್ನು 80ರಿಂದ ಗುಣಿಸಿ 86ರಿಂದ ಭಾಗಿಸಿದರೆ 24.19. 24ನ್ನು 85ರಿಂದ ಗುಣಿಸಿ 86ರಿಂದ ಭಾಗಿಸಿದರೆ 23.72. ಎರಡು ಕ್ವಿಂಟಲ್ ವ್ಯತ್ಯಾಸ 47 ಕೆಜಿಗೆ ಇಳಿಯಿತು. ಉಳಿದದ್ದು ನೀರು. ತೇವಾಂಶದ ಮೀಟರ್ ಇಡುವಾಗ ಕಾಳನ್ನು ನೆರಳಲ್ಲಿ ಆರಲು ಬಿಟ್ಟು, ಚೆನ್ನಾಗಿ ಕಲಸಿ, ಮೂರು ಕಡೆಯ ಕಾಳು ತೆಗೆದು ಮೂರು ಸಲ ನೋಡಿ ಸರಾಸರಿ ಬರೆದುಕೊಳ್ಳಿ. ಬಿಸಿಲಿನಿಂದ ಎತ್ತಿದ ಬಿಸಿ ಕಾಳು ಸುಳ್ಳು ಅಂಕಿ ಕೊಡುತ್ತದೆ.

ಎರಡನೆಯದು, ಕಾಲುವೆ. ಹೊಡೆದ ಎಕರೆ ತಗ್ಗಿನಲ್ಲಿದೆ, ಅಲ್ಲಿ ತೇವ ಹೆಚ್ಚು ನಿಲ್ಲುತ್ತದೆ, ಮೇಲಿನ ಮಣ್ಣೂ ಕೊಚ್ಚಿ ಬಂದು ಸೇರಿರುತ್ತದೆ. ದ್ರಾವಣ ಹೊಡೆಯದಿದ್ದರೂ ಅಲ್ಲಿ ಎಷ್ಟು ಹೆಚ್ಚು ಬರುತ್ತಿತ್ತು? ಇದು ಗೊತ್ತಿಲ್ಲದೆ 26 ಮತ್ತು 24ರ ನಡುವಿನ ಅಂತರಕ್ಕೆ ಅರ್ಥವೇ ಇಲ್ಲ. ಏನೂ ಮಾಡದೆ ಇದ್ದರೂ ಒಂದೇ ಹೊಲದಲ್ಲಿ ಜಾಗದಿಂದ ಜಾಗಕ್ಕೆ ಇಳುವರಿ ಎಷ್ಟು ಏರಿಳಿಯುತ್ತದೆ ಅನ್ನುವುದನ್ನೇ ಮೊದಲು ಅಳೆಯಬೇಕು. ಸಂಖ್ಯಾಶಾಸ್ತ್ರದ ತಿರುಳು ಇದೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿ ತಾಕುಗಳ ಲೆಕ್ಕ ಇಡುತ್ತಿದ್ದರು. 1919ರಲ್ಲಿ ಅಲ್ಲಿಗೆ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್, ಗೊಬ್ಬರದ ಫಲವನ್ನೂ ಮಣ್ಣಿನ ಏರುಪೇರನ್ನೂ ಬೇರೆ ಮಾಡಿ ನೋಡುವ ವಿಧಾನ ಕಟ್ಟಿದ್ದು ಇಂಥ ಹೊಲದ ಲೆಕ್ಕದಿಂದಲೇ. ಪುನರಾವರ್ತನೆ, ಚೀಟಿ ಎತ್ತಿ ಹಂಚುವುದು, ಪಕ್ಕಪಕ್ಕದ ತಾಕು ಹೋಲಿಸುವುದು, ಈ ಮೂರೂ ನಮ್ಮ ಒಂದು ಎಕರೆಯಲ್ಲೂ ಮಾಡಬಹುದು.

ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಅಂತ ಹಿಡಿದಿದ್ದೇನೆ. ಎಂಟು ಸಾಲಿನ ಪಟ್ಟಿ ಮಾಡಿ, ಅಗಲ 4.8 ಮೀಟರ್. ಅಕ್ಕಪಕ್ಕದ ಎರಡು ಪಟ್ಟಿ ಸೇರಿ ಒಂದು ಜೋಡಿ. ಆರು ಜೋಡಿಗೆ 96 ಸಾಲು, 57.6 ಮೀಟರ್. ಚೌಕ ಎಕರೆಯ ಬದಿ ಸುಮಾರು 63.6 ಮೀಟರ್, ಹಾಗಾಗಿ ಒಂದು ಎಕರೆಯಲ್ಲಿ ಹಿಡಿಸುತ್ತದೆ, ಎರಡು ಬದುವಿನ ಕಡೆ ಮೂರು ಮೂರು ಮೀಟರ್ ಬಿಟ್ಟಂತೆಯೂ ಆಯಿತು. ಪಟ್ಟಿಗಳು ಕಾಲುವೆಯಿಂದ ಮೇಲಿನ ಬದುವಿನವರೆಗೆ ಉದ್ದಕ್ಕೆ ಹೋಗಬೇಕು. ಕಾಲುವೆಗೆ ಸಮಾನಾಂತರವಾಗಿ ಹಾಕಿದರೆ ಕೆಳಗಿನ ಪಟ್ಟಿಗೆ ಯಾವಾಗಲೂ ತೇವ ಹೆಚ್ಚು ಸಿಕ್ಕಿ ಹಳೇ ತಪ್ಪೇ ಮತ್ತೆ ಆಗುತ್ತದೆ.

ಪ್ರತಿ ಜೋಡಿಯಲ್ಲಿ ಯಾವ ಪಟ್ಟಿಗೆ ದ್ರಾವಣ ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಕಣ್ಣಳತೆಯಲ್ಲಿ ಆರಿಸಿದರೆ ಕೈ ತಾನಾಗಿಯೇ ಚೆನ್ನಾಗಿರುವ ಕಡೆ ಹೋಗುತ್ತದೆ, ಎಷ್ಟೇ ಪ್ರಾಮಾಣಿಕರಾದರೂ. ದ್ರಾವಣ ಹೊಡೆಯದ ಪಟ್ಟಿಗೆ ಅದೇ ದಿನ ಅಷ್ಟೇ ಬರೀ ನೀರು ಹೊಡೆಯಿರಿ, ಹೊಸ ಪಂಪಿನಲ್ಲಿ ಅಥವಾ ಚೆನ್ನಾಗಿ ತೊಳೆದದ್ದರಲ್ಲಿ. ಇಲ್ಲದಿದ್ದರೆ ಒಣಹವೆಯಲ್ಲಿ ಎಲೆ ಮೇಲೆ ಬಿದ್ದ ನೀರಿನ ಗುಣವನ್ನೂ ಸಾಲಿನಲ್ಲಿ ಓಡಾಡಿ ತುಳಿದ ನಷ್ಟವನ್ನೂ ದ್ರಾವಣದ ಲೆಕ್ಕಕ್ಕೆ ಬರೆದಂತಾಗುತ್ತದೆ. ಬೀಜ, ಗೊಬ್ಬರ, ಕಳೆ, ನೀರು ಎಲ್ಲವೂ ಎರಡಕ್ಕೂ ಒಂದೇ ರೀತಿ.

ಕಟಾವಿಗೆ ಪಟ್ಟಿಯ ನಡುವಿನ ನಾಲ್ಕು ಸಾಲು ಮಾತ್ರ ತೆಗೆದುಕೊಳ್ಳಿ. ಅಂಚಿನ ಎರಡೆರಡು ಸಾಲಿಗೆ ಪಕ್ಕದ ಹನಿ ಹಾರಿರುತ್ತದೆ. ಉದ್ದ 10 ಮೀಟರ್, ಅಗಲ ನಾಲ್ಕು ಸಾಲು ಅಂದರೆ 2.4 ಮೀಟರ್, ಒಟ್ಟು 24 ಚದರ ಮೀಟರ್, ಹತ್ತಿರ ಹತ್ತಿರ ಕಾಲು ಗುಂಟೆ. ಇದು ಒಂದು ತಾಕು, ಹನ್ನೆರಡು ಪಟ್ಟಿಗೆ ಹನ್ನೆರಡು ತಾಕು. ಹತ್ತು ಮೀಟರ್ ಎಲ್ಲಿಂದ ಶುರು ಅನ್ನುವುದಕ್ಕೂ ಚೀಟಿ ಎತ್ತಿ (5ರಿಂದ 48ರವರೆಗಿನ ಯಾವುದಾದರೂ ಮೀಟರ್), ಒಂದು ಜೋಡಿಯ ಎರಡೂ ಪಟ್ಟಿಗೆ ಒಂದೇ ಜಾಗ.

ಬೆಳೆ ವಿಮೆಗಾಗಿ ಇಳುವರಿ ಅಳೆಯುವ ಕಟಾವು ಪ್ರಯೋಗದಲ್ಲಿ ಬಹುತೇಕ ಬೆಳೆಗಳಿಗೆ 5 ಮೀಟರ್ ಚೌಕ ಹಾಕುತ್ತಾರಲ್ಲ, ಅದನ್ನೇ ಹಾಕಬಾರದೇ ಅಂತ ಇನ್ನೊಬ್ಬರು ಕೇಳಿದ್ದಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. 5 ಮೀಟರಿನಲ್ಲಿ 60 ಸೆಂಟಿಮೀಟರಿನ ಸಾಲು 8.33 ಬರುತ್ತವೆ. ಹಗ್ಗ ಎಲ್ಲಿ ಬಿತ್ತು ಅನ್ನುವುದರ ಮೇಲೆ ಒಳಗೆ ಎಂಟು ಸಾಲು ಸಿಗಬಹುದು, ಒಂಬತ್ತೂ ಸಿಗಬಹುದು. ಎಂಟಾದರೆ ಇಳುವರಿ 4 ಪರ್ಸೆಂಟ್ ಕಡಿಮೆ ಕಾಣುತ್ತದೆ, ಒಂಬತ್ತಾದರೆ 8 ಪರ್ಸೆಂಟ್ ಹೆಚ್ಚು. ನೀವು ಹುಡುಕುತ್ತಿರುವ ಫಲಕ್ಕಿಂತ ಹಗ್ಗದ ತಪ್ಪೇ ದೊಡ್ಡದು. ಜಿಲ್ಲೆಯ ತುಂಬ ನೂರಾರು ಕಡೆ ಜಾಗ ಆರಿಸಿ ಕತ್ತರಿಸುವಾಗ ಇದು ಅತ್ತಿತ್ತ ಸರಿಹೋಗುತ್ತದೆ, ನಮ್ಮ ಹನ್ನೆರಡು ತಾಕುಗಳಲ್ಲಿ ಸರಿಹೋಗುವ ಭರವಸೆ ಇಲ್ಲ. ಆದ್ದರಿಂದ ಅಗಲವನ್ನು ಸಾಲಿನ ಲೆಕ್ಕದಲ್ಲೇ ಇಡಿ. ಗೂಟ ಸಾಲಿನ ಮೇಲೆ ಬೇಡ, ಎರಡು ಸಾಲಿನ ನಟ್ಟನಡುವೆ ಹೊಡೆಯಿರಿ.

ತೂಕ. ಒಂದು ಎಕರೆ 4,047 ಚದರ ಮೀಟರ್, 24ರಿಂದ ಭಾಗಿಸಿದರೆ 168.6. ಅಂದರೆ ತಾಕಿನಲ್ಲಿ ನೂರು ಗ್ರಾಂ ತಪ್ಪಿದರೆ ಎಕರೆಗೆ 17 ಕೆಜಿ ತಪ್ಪುತ್ತದೆ, ಒಂದು ಕೆಜಿ ತಪ್ಪಿದರೆ ಒಂದೂವರೆ ಕ್ವಿಂಟಲ್ ಮೀರಿ. ಚೀಲ ಎಣಿಸುವುದು ತೂಕ ಅಲ್ಲ. ಹನ್ನೆರಡು ತಾಕಿನ ತೆನೆಗಳನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಚೀಲದ ಒಳಗೊಂದು ಹೊರಗೊಂದು ಚೀಟಿ ಹಾಕಿ, ಪೂರ್ತಿ ಕಾಳು ಬಿಡಿಸಿ ತೂಗಿ. ಚೀಟಿಯಲ್ಲಿ 1ರಿಂದ 12 ನಂಬರ್ ಮಾತ್ರ ಇರಲಿ, ಯಾವುದಕ್ಕೆ ದ್ರಾವಣ ಅನ್ನುವ ಪಟ್ಟಿ ಮನೆಯಲ್ಲಿರಲಿ, ತೂಗುವವರಿಗೆ ಗೊತ್ತಿರಬಾರದು. ಎಲ್ಲವನ್ನೂ ಒಂದೇ ದಿನ ಒಂದೇ ಯಂತ್ರದಲ್ಲಿ ತೂಗಿ. ಯಂತ್ರ ಎಲ್ಲದಕ್ಕೂ 2 ಪರ್ಸೆಂಟ್ ಹೆಚ್ಚು ತೋರಿಸಿದರೆ ಹೋಲಿಕೆ ಅಷ್ಟೇನೂ ಕೆಡುವುದಿಲ್ಲ, ಎರಡೂ ಕಡೆ ಒಂದೇ ತಪ್ಪು. ಒಂದನ್ನು ಈ ಯಂತ್ರದಲ್ಲಿ, ಇನ್ನೊಂದನ್ನು ಆ ಯಂತ್ರದಲ್ಲಿ ತೂಗಿದರೆ ಮಾತ್ರ ಎಷ್ಟು ಸರಾಸರಿ ತೆಗೆದರೂ ಆ ತಪ್ಪು ಹೋಗುವುದಿಲ್ಲ.

ಈಗ ಲೆಕ್ಕ. ಇವು ಮಾದರಿ ತೋರಿಸಲು ನಾನೇ ಹಾಕಿದ ಅಂಕಿಗಳು, ತಾಕಿಗೆ ಕೆಜಿ, 14 ಪರ್ಸೆಂಟ್ ತೇವಾಂಶಕ್ಕೆ ತಂದದ್ದು. ಜೋಡಿಯ ಕ್ರಮದಲ್ಲಿ:

ದ್ರಾವಣ: 15.1, 13.8, 14.9, 12.6, 15.6, 14.0
ಬರೀ ನೀರು: 14.0, 13.9, 14.1, 12.2, 14.3, 13.7
ವ್ಯತ್ಯಾಸ: 1.1, −0.1, 0.8, 0.4, 1.3, 0.3

ಎರಡನೇ ಸಾಲು ನೋಡಿ. ದ್ರಾವಣ ಹೊಡೆಯದ ಪಟ್ಟಿಗಳಲ್ಲೇ 12.2ರಿಂದ 14.3. ಎಕರೆಗೆ ಹಾಕಿದರೆ ಮೂರೂವರೆ ಕ್ವಿಂಟಲ್ ಅಂತರ, ನಿಮ್ಮ ಎರಡು ಕ್ವಿಂಟಲ್‌ಗಿಂತ ಹೆಚ್ಚು.

ವ್ಯತ್ಯಾಸಗಳ ಮೊತ್ತ 3.8, ಸರಾಸರಿ 0.633 ಕೆಜಿ, ಎಕರೆಗೆ ಸುಮಾರು 107 ಕೆಜಿ. ಇಲ್ಲಿಗೇ ನಿಲ್ಲಿಸಬೇಡಿ. ಪ್ರತಿ ವ್ಯತ್ಯಾಸದಿಂದ 0.633 ಕಳೆದು, ವರ್ಗ ಮಾಡಿ ಕೂಡಿಸಿ: 1.393. ಇದನ್ನು 5ರಿಂದ (ಜೋಡಿಗಳಿಗಿಂತ ಒಂದು ಕಡಿಮೆ) ಭಾಗಿಸಿ ವರ್ಗಮೂಲ ತೆಗೆದರೆ 0.528. ಇದು ಮಾನಕ ವಿಚಲನೆ: ಒಂದು ಜೋಡಿಯ ಫಲಿತಾಂಶ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಅಳತೆ. ಅದನ್ನು 6ರ ವರ್ಗಮೂಲ 2.449ರಿಂದ ಭಾಗಿಸಿ: 0.2155. ಇದು ಸರಾಸರಿಯ ಮಾನಕ ದೋಷ. ಆರು ಜೋಡಿಗೆ ಇದನ್ನು 2.571ರಿಂದ ಗುಣಿಸಬೇಕು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ದಾರಿ ಹಾಕಿಕೊಟ್ಟ ಕೋಷ್ಟಕದ ಅಂಕಿ ಅದು, ಕಡಿಮೆ ಮಾದರಿ ಇದ್ದಾಗ ಎಷ್ಟು ಎಚ್ಚರ ಬೇಕು ಅಂತ ಹೇಳುತ್ತದೆ. ಗುಣಿಸಿದರೆ 0.554. ಹಾಗಾಗಿ ಫಲ 0.633ರಿಂದ ಅಷ್ಟು ಕೆಳಗೆ, ಅಷ್ಟು ಮೇಲೆ: ಎಕರೆಗೆ 13 ಕೆಜಿಯಿಂದ 200 ಕೆಜಿವರೆಗೆ. ಇದೇ ಕ್ರಮದಲ್ಲಿ ಪ್ರಯೋಗ ಮಾಡುತ್ತಾ ಹೋದರೆ, ಹೀಗೆ ಹಾಕಿದ ನೂರು ವ್ಯಾಪ್ತಿಗಳಲ್ಲಿ ಸುಮಾರು 95 ನಿಜವಾದ ಫಲವನ್ನು ಒಳಗೊಂಡಿರುತ್ತವೆ.

ಇದೇ ಹನ್ನೆರಡು ಅಂಕಿಗಳನ್ನು ಜೋಡಿ ಮುರಿದು, ಆರು ಒಂದು ಕಡೆ ಆರು ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಿದರೆ ಮಾನಕ ದೋಷ 0.54ಕ್ಕೆ ಏರುತ್ತದೆ, ವ್ಯಾಪ್ತಿ ಸೊನ್ನೆಯ ಕೆಳಗೂ ಹೋಗುತ್ತದೆ, ಫಲ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಮಣ್ಣಿನ ಏರುಪೇರನ್ನು ಕಳೆದುಕೊಟ್ಟದ್ದು ಜೋಡಿ. ಅಷ್ಟು ಕಷ್ಟಪಟ್ಟು ಪಟ್ಟಿ ಹಾಕುವುದು ಇದಕ್ಕೇ.

ಬರೆಯುವಾಗ ಆಗುವ ತಪ್ಪಿಗೆ ಒಂದು ಕಾವಲು ಇದೆ, ಮಧ್ಯಾಂಕ. ವ್ಯತ್ಯಾಸಗಳನ್ನು ಏರಿಕೆ ಕ್ರಮದಲ್ಲಿಟ್ಟು ನಡುವಿನ ಎರಡರ (0.4, 0.8) ಸರಾಸರಿ ತೆಗೆದರೆ 0.6. ಈಗ 15.6ನ್ನು ಕೈತಪ್ಪಿ 51.6 ಅಂತ ಬರೆದಿರಿ ಅನ್ನಿ. ಸರಾಸರಿ 6.63ಕ್ಕೆ ಹಾರುತ್ತದೆ, ಮಧ್ಯಾಂಕ 0.6ರಲ್ಲೇ ಇರುತ್ತದೆ. ಎರಡೂ ದೂರ ದೂರ ಬಂದರೆ ಪುಸ್ತಕ ತೆಗೆದು ಮತ್ತೆ ನೋಡಿ. ಕಾಡುಹಂದಿ ನುಗ್ಗಿ ಒಂದು ತಾಕು ಹಾಳಾದರೆ ಆ ಜೋಡಿಯನ್ನೇ ಪೂರ್ತಿ ಬಿಡಿ, ಹಾಗೆ ಬಿಡುವ ತೀರ್ಮಾನ ತೂಗುವುದಕ್ಕೆ ಮುಂಚೆ ಆಗಿರಲಿ. ಅಂಕಿ ನೋಡಿದ ಮೇಲೆ ‘ಎರಡನೇ ಜೋಡಿ ಸರಿಯಿರಲಿಲ್ಲ’ ಅಂತ ಆ −0.1 ತೆಗೆದುಹಾಕುವುದು ಮೋಸ.

ಹೊಡೆದ ಬೆಳೆ ಕಡುಹಸಿರು, ಎಲೆಬಣ್ಣಕ್ಕೆ 3ರ ಬದಲು 4 ಅಂಕ ಕೊಟ್ಟೆವು ಅಂತ ಒಬ್ಬರು ಬರೆದಿದ್ದಾರೆ. ಆ ಅಂಕ ಮೊದಲು, ಆಮೇಲೆ ಅನ್ನುವ ಕ್ರಮವನ್ನಷ್ಟೇ ಹೇಳುತ್ತದೆ. 4 ಅಂದರೆ 3ಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಹಸಿರು ಅಂತಲ್ಲ, ಅದರಿಂದ ಇಳುವರಿ ಲೆಕ್ಕ ಹಾಕಲಾಗದು. ಕೆಜಿ ಹಾಗಲ್ಲ, ಅದಕ್ಕೆ ನಿಜವಾದ ಸೊನ್ನೆ ಇದೆ, 20 ಅಂದರೆ 10ರ ಎರಡರಷ್ಟೇ. ಇನ್ನು ‘ಗುಂಪಿನಲ್ಲಿ ಎಲ್ಲರೂ ಚೆನ್ನಾಗಿದೆ ಅಂದಿದ್ದಾರೆ’ ಅನ್ನುವ ಮಾತು. ಫಲ ಕಂಡವರು ಫೋಟೋ ಹಾಕುತ್ತಾರೆ, ಕಾಣದವರು ಸುಮ್ಮನಿರುತ್ತಾರೆ. ಸುಮ್ಮನಿದ್ದವರು ಎಷ್ಟು ಜನ ಅಂತ ತಿಳಿಯದೆ ಆ ಎಣಿಕೆಗೆ ಬೆಲೆ ಇಲ್ಲ.

ಫಲ ಇದೆ ಅನ್ನುವುದು ಬೇರೆ, ಲಾಭ ಇದೆ ಅನ್ನುವುದು ಬೇರೆ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಕೆಜಿಗೆ 24. ದ್ರಾವಣ, ಕೂಲಿ ಸೇರಿ ಎಕರೆಗೆ 1,000 ರೂಪಾಯಿ ಆದರೆ ಅಸಲು ಬರಲು 42 ಕೆಜಿ ಬೇಕು. ಮೇಲಿನ ಮಾದರಿಯಲ್ಲಿ ಸರಾಸರಿ 107 ಅದನ್ನು ದಾಟಿದೆ, ಕೆಳತುದಿ 13 ದಾಟಿಲ್ಲ. ಪೇಟೆಯಲ್ಲಿ ಬೆಂಬಲ ಬೆಲೆಗಿಂತ ಕಡಿಮೆಗೆ ಹೋದರೆ ಇನ್ನೂ ಬಿಗಿ. ಇಂಥ ಅಂಕಿ ಬಂದರೆ ಐದು ಎಕರೆಗೆ ಹೊಡೆಯುವ ಬದಲು ಇನ್ನೊಂದು ಹಂಗಾಮು ಆರು ಜೋಡಿ ಹಾಕಿ. ಒಂದು ವರ್ಷದ ಫಲಿತಾಂಶ ಆ ವರ್ಷದ ಮಳೆಯದ್ದೂ ಹೌದು.

ಬಿತ್ತಿದ ದಿನವೇ ಗೂಟ ಹೊಡೆದು ಸಾಲಿನ ನಂಬರ್ ಪುಸ್ತಕದಲ್ಲಿ ಬರೆದಿಡಿ, ಬೆಳೆ ಎದೆಮಟ್ಟ ಬಂದ ಮೇಲೆ ಸಾಲು ಎಣಿಸುವುದು ಆಗದ ಮಾತು. ಮೊಳೆತ ಹದಿನೈದು ದಿನಕ್ಕೆ ಪ್ರತಿ ಪಟ್ಟಿಯಲ್ಲಿ ಗಿಡ ಎಣಿಸಿ. ಒಂದು ಜೋಡಿಯಲ್ಲಿ ಗಿಡಗಳ ಸಂಖ್ಯೆ ಬಹಳ ಬೇರೆ ಇದ್ದರೆ ಸಿಂಪಡಣೆಗೆ ಮುಂಚೆಯೇ ಆ ಜೋಡಿಯನ್ನು ಬೇರೆ ಜಾಗಕ್ಕೆ ಸರಿಸಿ. ಒಕ್ಕಣೆ ಆದ ಮೇಲೆ ಹನ್ನೆರಡು ತೂಕ, ಹನ್ನೆರಡು ತೇವಾಂಶ ಇಲ್ಲೇ ಹಾಕಿ, ಲೆಕ್ಕ ಒಟ್ಟಿಗೆ ಮಾಡೋಣ.