ಕೆಲಸಕ್ಕೆ ಹೋಗುವ ಹೆಂಗಸರ ದಿನನಿತ್ಯದ ಬದುಕು ತೋರಿಸುವ ಜಪಾನಿ ಅನಿಮೆ ಯಾವುದಿದೆ?

ಮೊದಲು 1991ರ ‘ಓನ್ಲಿ ಯೆಸ್ಟರ್‌ಡೇ’ ನೋಡಿ. ಘಿಬ್ಲಿ ಸ್ಟುಡಿಯೋದ್ದು, ನಿರ್ದೇಶಕ ಇಸಾವೊ ತಕಹಾಟ. ಟೋಕಿಯೋದ ಆಫೀಸಲ್ಲಿ ಕೆಲಸ ಮಾಡುವ 27ರ ತಯೆಕೊ, ಮನೆಯವರು ಮದುವೆ ಮಾತು ಎತ್ತುತ್ತಾ ಇರುವಾಗಲೇ ರಜೆ ಹಾಕಿ, ಯಮಗಾಟದ ಹಳ್ಳಿಗೆ ಕುಸುಬೆ ಹೂ ಬಿಡಿಸೋಕೆ ಹೋಗುತ್ತಾಳೆ, ದಾರಿಯುದ್ದಕ್ಕೂ ಐದನೇ ಕ್ಲಾಸಿನ ನೆನಪುಗಳು ಬೆನ್ನು ಹತ್ತುತ್ತವೆ. ಅಷ್ಟೇ ಕಥೆ. ಆದರೆ ಆ ನೆನಪುಗಳಲ್ಲಿ ಬರುವ ಅನಾನಸ್ ದೃಶ್ಯ ನೋಡಲೇಬೇಕು. ಮನೆಗೆ ಮೊದಲ ಸಲ ಇಡೀ ಹಣ್ಣು ತಂದಿದ್ದಾರೆ, ಹೆಚ್ಚೋದು ಹೇಗೆ ಅಂತಲೇ ಗೊತ್ತಿಲ್ಲ, ಕೊನೆಗೆ ತಿಂದರೆ ಗಟ್ಟಿ, ಸಿಹಿಯೂ ಇಲ್ಲ. ಉಳಿದವರು ಬಿಟ್ಟರೂ ತಯೆಕೊ ಮಾತ್ರ ಹಟ ಹಿಡಿದು ತಿನ್ನುತ್ತಾಳೆ. ದೊಡ್ಡವರ ಪಾತ್ರಗಳ ಮಾತು ಮೊದಲೇ ರೆಕಾರ್ಡ್ ಮಾಡಿ ಆಮೇಲೆ ಚಿತ್ರ ಬಿಡಿಸಿದ್ದು, ಅದಕ್ಕೇ ನಕ್ಕಾಗ ಕೆನ್ನೆಯ ಗೆರೆ ಕೂಡ ಎಷ್ಟು ಸಹಜ ಅಲ್ವಾ! ಆಫೀಸ್ ಕಿರಿಕಿರಿಯೇ ಜಾಸ್ತಿ ಬೇಕಿದ್ದರೆ ನೆಟ್‌ಫ್ಲಿಕ್ಸಿನ ‘ಅಗ್ರೆತ್ಸುಕೊ’ ಇದೆ. ಅಕೌಂಟ್ಸ್ ವಿಭಾಗದ 25ರ ಕೆಂಪು ಪಾಂಡಾ, ಕರೋಕೆಯಲ್ಲಿ ಡೆತ್ ಮೆಟಲ್ (ಕಿರುಚಿ ಹಾಡುವ ಅಬ್ಬರದ ಸಂಗೀತ) ಹಾಡಿ ಸಿಟ್ಟು ತೀರಿಸಿಕೊಳ್ಳುತ್ತಾಳೆ.