ಒರಳು ಕಪ್ಪು, ಗುಂಡು ಬೂದಿ ಬಣ್ಣ

ಪ್ರಶ್ನೆ: ಊರಿನ ಹಿರಿಯರ ನೆನಪು ಬರೆದು ತನ್ನಿ ಎಂದು ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿದೆ. ಅರ್ಧ ಜನ ಖಾಲಿ ಪಟ್ಟಿ ಹಿಡಿದು ಬಂದರು. ‘ಅಜ್ಜಿ ಎಂತದೂ ಹೇಳ್ಲಿಲ್ಲ ಸಾರ್’ ಅಂತಾರೆ. ಐರ್ಲೆಂಡಿನಲ್ಲಿ ಶಾಲೆ ಮಕ್ಕಳೇ ಇಂಥ ದೊಡ್ಡ ಸಂಗ್ರಹ ಮಾಡಿದ್ದರಂತೆ. ಹೇಗೆ ಮಾಡಿದರು?
– ಒಬ್ಬ ಮೇಷ್ಟ್ರು, ಹೊಸನಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ಖುಷಿಯಾಯಿತು. ನೀವು ಕೇಳಿದ್ದು ನಿಜ. ಅಲ್ಲಿನ ಜಾನಪದ ಆಯೋಗ 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳಲ್ಲಿ ಈ ಕೆಲಸ ಮಾಡಿಸಿತು. ಬರೆದವರು 11ರಿಂದ 14 ವರ್ಷದ ಸುಮಾರು 50,000 ಮಕ್ಕಳು. ಪ್ರಬಂಧದ ಬದಲು, ಮನೆಯವರ ಹತ್ತಿರ, ನೆರೆಮನೆಯವರ ಹತ್ತಿರ ಕೇಳಿದ್ದನ್ನೇ ಬರೆದರು. ಒಟ್ಟು 7,40,000 ಪುಟಗಳಷ್ಟಾಯಿತು! ಇವತ್ತಿಗೂ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಜೋಪಾನವಾಗಿವೆ.

ಮೇಷ್ಟ್ರುಗಳ ಕೈಗೆ ಒಂದು ಪುಸ್ತಿಕೆ ಕೊಟ್ಟಿದ್ದರು. ಅದರಲ್ಲಿ 55 ವಿಷಯ. ಸುಮ್ನೆ ‘ನೆನಪು ಹೇಳಿ’ ಅಂತಲ್ಲ. ಊರಿನ ಕುಲುಮೆ ಎಲ್ಲಿತ್ತು? ಬೆಣ್ಣೆ ಕಡೆಯೋದು ಹೇಗೆ? ಮಳೆ ಬರೋದು ಯಾವುದರಿಂದ ಗೊತ್ತಾಗುತ್ತೆ? ಹೂತಿಟ್ಟ ನಿಧಿಯ ಕಥೆ ಇದೆಯಾ? 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬಂದ ಘೋರ ಬರಗಾಲದ ಬಗ್ಗೆಯೂ ಕೇಳಿಸಿದ್ದರು. ತಮ್ಮ ಅಪ್ಪ ಅಮ್ಮ ಹೇಳಿದ್ದನ್ನು ಆ ಮುದುಕರು ಮಕ್ಕಳಿಗೆ ದಾಟಿಸಿದರು.

ನಾನು ಸಾಗರದ ಕಡೆ ಪಾಠ ಹೇಳುತ್ತಿದ್ದಾಗ ನನಗೂ ನಿಮ್ಮದೇ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗಿದಾಗ ಬಂದ ಅಜ್ಜಿಯೊಬ್ಬರು ಶಾಲೆಯ ಪಕ್ಕದಲ್ಲೇ ಇದ್ದರು. ‘ನಿಮ್ಮೂರಿನ ಬಗ್ಗೆ ಹೇಳಿ’ ಅಂದರೆ, ‘ಎಂತ ಹೇಳದು, ಎಲ್ಲ ನೀರಾಗೋಯ್ತು’ ಅಂದು ಎದ್ದು ಹೋಗುತ್ತಿದ್ದರು. ಒಂದು ದಿನ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಅಜ್ಜಿ, ನಿಮ್ಮ ಒರಳು ಕಪ್ಪು, ಗುಂಡು ಯಾಕೆ ಬೂದಿ ಬಣ್ಣ?’

ಅಜ್ಜಿ ಒರಳಿನ ಪಕ್ಕದಲ್ಲೇ ಕೂತರು. ಒರಳು ಹಳೇ ಊರಿನದು, ಕೊನೇ ಗಾಡಿಯಲ್ಲಿ ಬಂತು. ಗಡಿಬಿಡಿಯಲ್ಲಿ ಗುಂಡು ಅಲ್ಲೇ ಹಿತ್ತಿಲಲ್ಲಿ ಉಳಿಯಿತು. ಅಪ್ಪ ಹೆಬ್ಬಾಗಿಲಿನ ದಾರಂದ ಕಿತ್ತು ಹೇರಿದ್ದು, ಅವ್ವ ತುಳಸಿಕಟ್ಟೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದು, ಎಲ್ಲ ಬಂತು. ಹೇಳುತ್ತಾ ಕೈ ಒರಳಿನ ಬಾಯಿ ಸವರುತ್ತಲೇ ಇತ್ತು. ಹುಡುಗಿಯ ಪಟ್ಟಿಯಲ್ಲಿ ಆರು ಪುಟ ತುಂಬಿತು.

ಹಾಗಾಗಿ ಮಕ್ಕಳಿಗೆ ವಸ್ತು ಹಿಡಿದು ಕೇಳೋದಕ್ಕೆ ಹೇಳಿಕೊಡಿ. ಮಳೆಗೆ ತಲೆ ಮೇಲೆ ಹಾಕಿಕೊಳ್ಳೋ ಗೊರಬು ಹೆಣೆಯುತ್ತಿದ್ದವರು ಯಾರು? ಭೂಮಿ ಹುಣ್ಣಿಮೆ ಬುಟ್ಟಿಗೆ ಚಿತ್ತಾರ ಬರೆಯೋ ಬಣ್ಣ ಎಲ್ಲಿಂದ? ದೀಪಾವಳಿಯಲ್ಲಿ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗೋ ಅಂಟಿಗೆ ಪಂಟಿಗೆಯವರು ಬಂದರೆ ಮನೆಯಲ್ಲಿ ಏನು ಕೊಡುತ್ತಿದ್ದರು? ಒಬ್ಬರಿಗೆ ಒಂದೇ ಪ್ರಶ್ನೆ ಸಾಕು. ಹೇಳಿದವರ ಹೆಸರು, ವಯಸ್ಸು, ಊರು ಪುಟದ ಕೆಳಗೆ ಇರಲಿ, ಐರ್ಲೆಂಡಿನ ಮಕ್ಕಳೂ ಬರೆದಿದ್ದರು. ಇನ್ನೊಂದು ಮಾತು. ‘ನೀರಾಗೋಯ್ತು’ ಎಂದಿದ್ದನ್ನು ‘ಮುಳುಗಡೆಯಾಯಿತು’ ಎಂದು ದಯವಿಟ್ಟು ತಿದ್ದಬೇಡಿ.

ಆರಿದ್ರಾ ಮಳೆ ಹಿಡಿದರೆ ವಯಸ್ಸಾದವರು ಒಲೆ ಮುಂದೆಯೇ ಸಿಗುತ್ತಾರೆ. ಖಾಲಿ ಪಟ್ಟಿ ತಂದವರನ್ನೇ ಮೊದಲು ಕಳಿಸಿ.